ಎಲೆಯ ಎಣಿಕೆ

ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ಮಾರ್ಗದಲ್ಲಿರುವ ಸವಣೂರಿನ ಒಳಭಾಗದಲ್ಲಿ, ಅಡಿಕೆ ತೋಟವೊಂದರ ನಡುವೆ, ನನ್ನ ಸೋದರಮಾವನ ಮನೆ. ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು, ಸುಣ್ಣಗಳನ್ನು ಸಿದ್ಧಪಡಿಸಿಟ್ಟು, ಮಳೆ ಹೊಳವಾಗುವುದನ್ನೇ ಕಾಯುತ್ತ, ಅದು ಹೊಳವಾಗದೆ ಕೈಕಟ್ಟಿ ಕೂರಬೇಕಾಗುತ್ತಿದ್ದ ಆಟಿ ತಿಂಗಳ ದಿನಗಳಲ್ಲಿ, ಚಾವಡಿಯ ಚಾಪೆಯ ಮೇಲೆ ಇಸ್ಪೇಟಿನ ಕಟ್ಟು ಬಿಚ್ಚಿಕೊಳ್ಳುವುದು ಆ ಮನೆಯ ಸಂಪ್ರದಾಯ. ಪಣವೆಂಬುದಿರಲಿಲ್ಲ, ಸೋತವರು ಸಂಜೆಯವರೆಗೆ ಕೇಳಬೇಕಾದ ಪರಿಹಾಸ್ಯವೇ ದಂಡ.

ನಮ್ಮ ಆಟ ಇಪ್ಪತ್ತೆಂಟು. ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ವರು, ಎದುರುಬದುರು ಕೂತವರು ಜೊತೆಗಾರರು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೂ ರಾಣಿಗೂ ಸೊನ್ನೆ. ಅರಸನನ್ನು ಆಳು ಹೊಡೆದುರುಳಿಸುವ ಈ ವಿಪರೀತ ರಾಜನೀತಿ ಎಲ್ಲಿಯದೋ ಎಂದು ಬಾಲ್ಯದಲ್ಲಿ ಬೆರಗಾಗಿದ್ದೆನು; ಡಚ್ಚರ ಕ್ಲಾವರ್ಯಾಸ್ ಎಂಬ ಆಟದಲ್ಲಿಯೂ ತುರುಪಿನ ಗುಲಾಮನೇ ಅಗ್ರಗಣ್ಯ, ಒಂಬತ್ತೇ ದ್ವಿತೀಯ ಎಂಬುದನ್ನು ತಿಳಿದಾಗ, 1663ರಿಂದ 1795ರವರೆಗೆ ಕೊಚ್ಚಿಯಲ್ಲಿ ಬೀಡುಬಿಟ್ಟಿದ್ದ ಆ ವರ್ತಕರು ಮೆಣಸನ್ನು ಒಯ್ದು ಗುಲಾಮನನ್ನು ಬಿಟ್ಟುಹೋಗಿರಬಹುದೆಂಬ ಊಹೆ ನನಗೆ ಬಹು ಪ್ರಿಯವಾಯಿತು.

ಮೊದಲ ನಾಲ್ಕು ಎಲೆಗಳನ್ನು ನೋಡಿಯೇ, ಹದಿನಾಲ್ಕರಿಂದ ಮೇಲಕ್ಕೆ, ಎಷ್ಟು ಗೆಲ್ಲುವೆವೆಂದು ಹೇಳಬೇಕು; ಹೆಚ್ಚು ಹೇಳಿದವರು ತುರುಪಿನ ಒಂದೆಲೆಯನ್ನು ಮುಚ್ಚಿಡುವರು. ಆ ಮುಚ್ಚಿದ ಎಲೆಯನ್ನು ತೆರೆಯದೆಯೇ ಓದುವುದರಲ್ಲಿ ಮಾವನು ನಿಸ್ಸೀಮ. “ಬಂದ ಎಲೆಯನ್ನು ಎಲ್ಲರೂ ನೋಡ್ತಾರೆ, ಬಾರದ್ದು ಯಾರ ಕೈಯಲ್ಲಿ ಉಂಟು, ಅದನ್ನು ನೋಡು” ಎಂಬುದು ಅವನ ಉಪದೇಶ. ನನ್ನ ಎಂಟು ಎಲೆಗಳನ್ನು ಕಳೆದರೆ ಉಳಿದ 24 ಎಲೆಗಳು ಮೂವರಲ್ಲಿ ಹಂಚಿಹೋಗಬಲ್ಲ ಬಗೆಗಳು 946 ಕೋಟಿಗೂ ಮಿಕ್ಕಿದವು ಎಂದು ಮುಂದೆ ಕಾಲೇಜಿನಲ್ಲಿ ಲೆಕ್ಕ ಹಾಕಿ ಕಂಡುಕೊಂಡೆನು. ಆ ಮಹಾರಣ್ಯವನ್ನು ಮಾವನು, ಒಬ್ಬನ ಮೌನ, ಇನ್ನೊಬ್ಬನ ಅವಸರ, ಮತ್ತೊಬ್ಬನು ಒಲ್ಲದ ಮನಸ್ಸಿನಿಂದ ಇಳಿಸಿದ ಹತ್ತು ಇವುಗಳಿಂದ ಸವರುತ್ತ ಸವರುತ್ತ, ನಾಲ್ಕನೆಯ ಸುತ್ತಿಗೆ ಅಂಗಳದಷ್ಟು ಮಾಡಿಬಿಡುತ್ತಿದ್ದನು. ಓಡುವ ರಥದಿಂದಲೇ ತಾರೆಮರದ ಎಲೆಕಾಯಿಗಳನ್ನು ಎಣಿಸಿ ಹೇಳಿದ ಋತುಪರ್ಣನನ್ನು ನಾನು ಮಹಾಭಾರತದಲ್ಲಿ ಓದುವ ಮುನ್ನವೇ ಸವಣೂರಿನಲ್ಲಿ ಕಂಡಿದ್ದೆನು. ಅಕ್ಷಹೃದಯವನ್ನು ಕಲಿತ ನಳನೇ ನಾನೆಂದು ಭಾವಿಸಿಯೂ ಇದ್ದೆನು.

ಒಂದು ಮಧ್ಯಾಹ್ನ ನಾಲ್ಕನೆಯ ಕೈ ಸಾಲದೆ, ಅಡುಗೆಮನೆಯಿಂದ ಅತ್ತೆಯನ್ನು ಕರೆತಂದು ಭಾವನಿಗೆ ಜೊತೆಯಾಗಿ ಕೂರಿಸಿದೆವು. ನಾನು ಹದಿನೈದೆಂದೆನು, ಸೆರಗಿಗೆ ಕೈಯೊರಸಿಕೊಂಡ ಅತ್ತೆ, ಎಲೆಗಳತ್ತ ಒಮ್ಮೆ ನೋಡಿ, “ಇಪ್ಪತ್ತು” ಎಂದರು. ಇಪ್ಪತ್ತೆಂದವರಲ್ಲಿ ತುರುಪಿನ ಗುಲಾಮನಿರಲೇಬೇಕು. ಇಸ್ಪೇಟು, ಡೈಮನ್ನುಗಳ ಗುಲಾಮರು ನನ್ನಲ್ಲಿ. ಕಳಾವರದ ಗುಲಾಮನನ್ನು ಮೊದಲ ಸುತ್ತಿನಲ್ಲಿಯೇ ಭಾವನು ಇಳಿಸಿದನು. ಆದುದರಿಂದ ತುರುಪು ಆಟೀನೇ ಎಂದು, ತರ್ಕಶಾಸ್ತ್ರವೇ ತಲೆದೂಗುವಂತೆ ನಿಶ್ಚಯಿಸಿ, ಡೈಮನ್ನಿನ ಗುಲಾಮನನ್ನು ನಿರ್ಭಯವಾಗಿ ಚಾಪೆಗಿಳಿಸಿದೆನು. ಅತ್ತೆಯಲ್ಲಿ ಡೈಮನ್ನಿರಲಿಲ್ಲ. ಮುಚ್ಚಿಟ್ಟುದನ್ನು ತೆರೆದು ನನ್ನ ಗುಲಾಮನ ಮೇಲೆ ಹಾಕಿದರು: ಕಳಾವರದ ಏಳು! ಉಳಿದುದನ್ನು ಭಾವನ ಒಂಬತ್ತೂ ಎಕ್ಕವೂ ಕೊಯ್ದವು. ಆಟೀನಿನ ಗುಲಾಮನು, ಎರಡನೆಯ ಹಂಚಿಕೆಯಲ್ಲಿ ಬಂದು, ನನ್ನ ಜೊತೆಗಾರನಾದ ಮಾವನ ಕೈಯಲ್ಲಿಯೇ ಸುಮ್ಮನೆ ಕುಳಿತಿದ್ದನು.

“ಯಾವ ಧೈರ್ಯದಿಂದ ಇಪ್ಪತ್ತು ಹೇಳಿದಿರಿ ಅತ್ತೆ?”

“ಎಂತ ಮಾಡುವುದು ಮಾರಾಯ, ಒಲೆಯಲ್ಲಿ ಗಂಜಿ ಉಂಟು. ನೀವು ಹದಿನಾಲ್ಕು, ಹದಿನೈದು ಅಂತ ಎಳೆಯುತ್ತ ಕೂತರೆ ಆಟ ಮುಗಿಯುವುದು ಯಾವಾಗ?”

ಜಾನ್ ವಾನ್ ನಾಯ್ಮನ್ ಎಂಬ ಗಣಿತಜ್ಞನು ಆಸ್ಕರ್ ಮಾರ್ಗೆನ್‌ಸ್ಟರ್ನ್‌ನೊಡನೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರ್ ಆಟವನ್ನು ವಿವೇಚಿಸುತ್ತ, ಬಲವಿದ್ದಾಗ ಮಾತ್ರ ಏರಿಸುವವನ ಕೈಯನ್ನು ಎದುರಾಳಿ ಓದಿಬಿಡುವನಾದುದರಿಂದ, ಬಲವಿಲ್ಲದಾಗಲೂ ಒಮ್ಮೊಮ್ಮೆ ಏರಿಸಬೇಕೆಂದು ತೋರಿಸಿಕೊಟ್ಟಿದ್ದಾನೆ. ಅದಕ್ಕೆ ಅವನಿಗೆ ಬೇಕಾದುದು ಗಣಿತ. ಅತ್ತೆಗೆ ಗಂಜಿ ಸಾಕಾಯಿತು. ನಾನು ಅವರ ಕೈಯಲ್ಲಿ ಓದಿದ್ದು ನನ್ನ ಎಚ್ಚರಿಕೆಯನ್ನೇ ಹೊರತು ಅವರ ಎಲೆಗಳನ್ನಲ್ಲ. ನಾನಾಗಿದ್ದರೆ ಎಂತಹ ಕೈಗೆ ಇಪ್ಪತ್ತು ಹೇಳುತ್ತಿದ್ದೆನೋ ಅದನ್ನೇ ಅವರಿಗೂ ಆರೋಪಿಸಿದ್ದೆನು. ಋತುಪರ್ಣನ ಎಣಿಕೆ ತಪ್ಪಲಿಲ್ಲ, ನಿಜ. ಆದರೆ ತಾರೆಮರಕ್ಕೆ ಒಲೆಯ ಚಿಂತೆಯಿರಲಿಲ್ಲ.