ಲೆಸ್ಟರಿನಲ್ಲಿ ನಲವತ್ತು ದಿನ

ಅಕ್ಕಲಕೋಟೆಯ ಪೇಠೆಯಲ್ಲಿ ನಮ್ಮದು ಅರಿವೆ ಅಂಗಡಿ. ನಲವತ್ತು ವರ್ಷಗಳಲ್ಲಿ ನಾವು ಎಂಟು ದಿನಕ್ಕಿಂತ ಹೆಚ್ಚು ಗಲ್ಲಾ ಬಿಟ್ಟದ್ದು ಸಮ್ಮೇದ ಶಿಖರಜಿಯ ಯಾತ್ರೆಗೆ ಮಾತ್ರ. ಹೀಗಿರುವಾಗ ಕಿರಿಮಗ ಒಂದು ದಿನ, "ಅಪ್ಪಾ, ಒಂದು ವರ್ಷ ಅಂಗಡಿ ಬಿಟ್ಟು ಇಂಗ್ಲೆಂಡಿಗೆ ಹೋಗಿ ಬರ್ತೀನ್ರಿ" ಎಂದ. ನಮಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ಹೋದವನು ತಿರುಗಿ ಬರುತ್ತಾನೋ ಇಲ್ಲವೋ ಎಂಬ ಭಯ. "ಮೊದಲು ನಾವೇ ನೋಡಿ ಬರೋಣ" ಎಂದಳು ನಮ್ಮ ಧರ್ಮಪತ್ನಿ. ನಮ್ಮ ಅಕ್ಕನ ಮಗ ಲೆಸ್ಟರ್ ನಗರದಲ್ಲಿ ನೌಕರಿಯಲ್ಲಿದ್ದಾನೆ.

ಯಾವ ತಿಂಗಳು ಹೋಗುವುದೆಂಬುದೇ ಮೊದಲ ಲೆಕ್ಕ. ಲಗ್ನಸರಾಯಿ ಮುಗಿದು ಗಿರಾಕಿ ಕಡಿಮೆಯಾಗುವುದು ಜೂನಿನಲ್ಲಿ. ಆಷಾಢ ಶುಕ್ಲ ಚತುರ್ದಶಿಗೆ ಚಾತುರ್ಮಾಸ ಆರಂಭ, ಅಷ್ಟರೊಳಗೆ ಮನೆ ಸೇರಬೇಕು. ಇನ್ನೊಂದು ಲೆಕ್ಕವನ್ನು ಅಳಿಯ ಹೇಳಿದ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೆ. ರಾತ್ರಿಭೋಜನ ಬಿಟ್ಟವರಿಗೆ ಇದು ಸಣ್ಣ ಮಾತಲ್ಲ. 2024ರ ಜೂನ್ ಮೊದಲ ವಾರ ಹೊರಟೆವು. ಹಿರಿಮಗನಿಗೆ ಕೀಲಿ, ಉದ್ರಿ ಖಾತೆ, 20ನೇ ತಾರೀಖಿನೊಳಗೆ ತುಂಬುವ ಜಿಎಸ್‌ಟಿ, ಎಲ್ಲ ಒಪ್ಪಿಸಿದೆವು.

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷಕ್ಕೆ ಲೆಸ್ಟರ್. ಹೊಸೈರಿ, ಪಾದರಕ್ಷೆಗಳಿಗೆ ಹೆಸರಾಗಿದ್ದ ಊರು. ಬೆಲ್‌ಗ್ರೇವ್ ರಸ್ತೆಯಲ್ಲಿ ಸಾಲು ಸಾಲು ಸೀರೆ ಅಂಗಡಿ, ಬಂಗಾರದ ಅಂಗಡಿ. ಜೋಳದ ಹಿಟ್ಟೂ ಸಿಕ್ಕಿತು, ಮನೆಯಾಕೆ ರೊಟ್ಟಿ ಬಡಿದಳು.

ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿರುವ ಜಿನಮಂದಿರ ಮೊದಲು ಕ್ರೈಸ್ತರ ಚರ್ಚು. ನಮ್ಮವರು ಅದನ್ನು ಕೊಂಡು, ಮುಂಭಾಗಕ್ಕೆ ಅಮೃತಶಿಲೆ ಕಟ್ಟಿಸಿ, 1988ರಲ್ಲಿ ಪ್ರತಿಷ್ಠೆ ಮಾಡಿದರು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಮಹಾವೀರ ಸ್ವಾಮಿಯ ಜೀವನದ ಚಿತ್ರಗಳಿವೆ. ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಎಲ್ಲರಿಗೂ ಒಂದೇ ಸೂರಿನಡಿ ಸ್ಥಳವಿದೆ. ಸ್ವದೇಶದಲ್ಲಿ ಒಂದೊಂದು ಕ್ಷೇತ್ರಕ್ಕಾಗಿ ಕೋರ್ಟು ಹತ್ತುವ ನಮಗೆ ಇದೊಂದು ಪಾಠ.

ಅಲ್ಲಿ ಹಿರಿಯರೊಬ್ಬರ ಪರಿಚಯವಾಯಿತು. ಅವರ ತಂದೆಯದು ಉಗಾಂಡಾದ ಕಂಪಾಲಾದಲ್ಲಿ ಅರಿವೆ ಅಂಗಡಿ. 1972ರ ಆಗಸ್ಟಿನಲ್ಲಿ ಈದಿ ಅಮೀನ್ ಏಷ್ಯಾದವರಿಗೆ 90 ದಿನಗಳಲ್ಲಿ ದೇಶ ಬಿಡಿರೆಂದು ಆಜ್ಞೆ ಮಾಡಿದ. ಆಗ ಲೆಸ್ಟರಿನ ನಗರಸಭೆಯೇ ಉಗಾಂಡಾದ ಪತ್ರಿಕೆಯಲ್ಲಿ, ನಮ್ಮ ಊರಿಗೆ ಬರಬೇಡಿರೆಂದು ಜಾಹೀರಾತು ಕೊಟ್ಟಿತ್ತು. ಆದರೂ ಸಾವಿರಾರು ಜನ ಬಂದರು, ಊರನ್ನು ಬೆಳೆಸಿದರು. "ತಂದೆಯವರು ಅಂಗಡಿಯ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ವಿಮಾನ ಹತ್ತಿದರು. ಕೊಡಲು ಯಾರೂ ಇರಲಿಲ್ಲ. ನಿಮಗೆ ಮಗನಿದ್ದಾನೆ" ಎಂದರು ಅವರು. ಆ ರಾತ್ರಿ ನಮಗೆ ಬೇಗ ನಿದ್ದೆ ಹತ್ತಲಿಲ್ಲ. ದಿನವೂ ಊರಿಗೆ ಫೋನು ಮಾಡಿ ವ್ಯಾಪಾರ ಕೇಳುತ್ತಿದ್ದವರು ಮರುದಿನದಿಂದ ಬಿಟ್ಟೆವು.

ಊರಿಗೆ ಬಂದು ಕೀರ್ದಿ ತೆಗೆದು ನೋಡಿದರೆ ಎಲ್ಲ ಸರಿಯಾಗಿತ್ತು. ವಸೂಲಿ ನಮ್ಮ ಕಾಲಕ್ಕಿಂತ ಚೊಕ್ಕವಾಗಿತ್ತು. ಸಂತೋಷವೂ ಆಯಿತು, ಸ್ವಲ್ಪ ಸಂಕಟವೂ ಆಯಿತು.

ಈಗ ಕಿರಿಮಗನ ಮಾತು. ನಾವು ಹೋದ ಪ್ರವಾಸಿ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು, ದುಡಿಯುವಂತಿಲ್ಲ. ದುಡಿದು ಬರುವವರಿಗೆ 2023ರಲ್ಲಿ ಆರಂಭವಾದ ಯಂಗ್ ಪ್ರೊಫೆಷನಲ್ಸ್ ಯೋಜನೆಯಿದೆ. ವಯಸ್ಸು 18ರಿಂದ 30, ಪದವಿ ಬೇಕು, 2,530 ಪೌಂಡು 28 ದಿನ ಖಾತೆಯಲ್ಲಿ ನಿಂತಿರಬೇಕು. ಚೀಟಿ ಎತ್ತಿ ಆರಿಸುತ್ತಾರೆ.

ಅಲ್ಲಿಯ ಸರಕಾರ ಎರಡು ವರ್ಷ ಕೊಡುತ್ತದೆ. ಆದರೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಶ್ರಾವಕನಿಗೆ ದಿಗ್ವ್ರತ ಹೇಳಿದ್ದು ಇದಕ್ಕೇ ಅಲ್ಲವೇ? ಹೋಗಬೇಡ ಎಂದಲ್ಲ, ಎಲ್ಲಿಯವರೆಗೆ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೋ ಎಂದು. ಮಗ ತಾನಾಗಿಯೇ ಹನ್ನೆರಡು ತಿಂಗಳು ಎಂದು ಬರೆದು, ದೇವರ ಕೋಣೆಯಲ್ಲಿಟ್ಟು, ಅರ್ಜಿ ಹಾಕಿದ್ದಾನೆ. ಚೀಟಿಯಲ್ಲಿ ಹೆಸರು ಬಂದೀತು, ಬಾರದೆಯೂ ಇದ್ದೀತು. ಅಂತೂ ಅವನು ನೋಡುತ್ತಿದ್ದ ಬಿಲ್ಲಿಂಗ್ ಕಂಪ್ಯೂಟರನ್ನು ನಾವು ಈಗ ಕಲಿಯುತ್ತಿದ್ದೇವೆ.