ಹಾರನಹಳ್ಳಿಯ ಅಂಗಾತ ಈಜುಗಾರ

ಅರಸೀಕೆರೆಯಿಂದ ಹಾರನಹಳ್ಳಿಗೆ ಸುಮಾರು 8 ಕಿಲೋಮೀಟರ್. ಹೊಯ್ಸಳರ ಕಾಲದಲ್ಲಿ, 1235ರ ಸುಮಾರಿಗೆ ಕಟ್ಟಿದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳು ಅಲ್ಲಿವೆ. ಮಳೆಗಾಲ ಮುಗಿಯುತ್ತಿದ್ದಂತೆ ಮೊಮ್ಮಗಳಿಗೆ ಅವನ್ನು ತೋರಿಸಿ, ಊರಾಚೆ ಇರುವ ನನ್ನ ಬಾಮೈದನ ತೆಂಗಿನ ತೋಟಕ್ಕೆ ಹೋದೆವು.

ದನಗಳ ತೊಟ್ಟಿಯಿಂದ ಉಕ್ಕಿದ ನೀರು ಪಕ್ಕದ ಹೊಂಡದಲ್ಲಿ ನಿಂತಿತ್ತು. "ಸೊಳ್ಳೆ ಕಾಟ ತಡೆಯೋಕಾಗ್ತಿಲ್ಲ ಭಾವ, ಇದಕ್ಕೆ ಎಣ್ಣೆ ಸುರೀತೀನಿ" ಎಂದು ಬಾಮೈದ ಟಿಲ್ಲರಿನ ಹಳೇ ಆಯಿಲ್ ಡಬ್ಬ ತಂದ.

ಅಷ್ಟರಲ್ಲಿ ಮೊಮ್ಮಗಳು ಕೂಗಿದಳು: "ತಾತಾ, ಈ ಹುಳ ಸತ್ತೋಗಿದೆ, ಅಂಗಾತ ಬಿದ್ದಿದೆ!"

ಅವಳ ನೆರಳು ಬಿದ್ದದ್ದೇ ತಡ, ಸತ್ತ ಹುಳ ಸರ್ರನೆ ಆಳಕ್ಕೆ ಓಡಿತು!

ಮಕ್ಕಳೇ, ಅದು ಬ್ಯಾಕ್‌ಸ್ವಿಮರ್. ನಾವು 'ಬೆನ್ನೀಜುಗ' ಎನ್ನೋಣ. ಹೊಂಡದಲ್ಲಿದ್ದವು ಅಕ್ಕಿಕಾಳಿಗಿಂತ ತುಸು ದೊಡ್ಡವು. ಬೆನ್ನು ದೋಣಿಯ ತಳದಂತೆ ಉಬ್ಬಿರುತ್ತದೆ. ಕೂದಲಿರುವ ಉದ್ದನೆಯ ಹಿಂಗಾಲುಗಳೇ ಹುಟ್ಟುಗಳು. ಮೀನಿನಂತೆ ಕಿವಿರು ಇಲ್ಲ. ಹೊಟ್ಟೆಯ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಗಾಳಿ ತುಂಬಿಕೊಂಡು, ಮುಳುಗುವಾಗ ಹೊಟ್ಟೆಯ ಕೂದಲ ಸಂದಿನಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಆ ಗುಳ್ಳೆ ಬೆಳ್ಳಿಯಂತೆ ಮಿನುಗುತ್ತದೆ. ಹೊಂಡ ಒಣಗಿದರೆ ರೆಕ್ಕೆ ಬಿಚ್ಚಿ ಬೇರೆ ನೀರಿಗೆ ಹಾರಿಹೋಗುತ್ತದೆ.

ಮೊಮ್ಮಗಳು ಹಿಡಿಯಲು ಕೈ ಚಾಚಿದಳು. ತಡೆದೆ. ಅದರ ಚೂಪು ಕೊಂಡಿ ಚುಚ್ಚಿದರೆ ಜೇನು ಕಡಿದಂತೆ ಉರಿ! ಆ ಕೊಂಡಿಯಿಂದಲೇ ಅದು ಬೇಟೆಯ ರಸ ಹೀರುವುದು. ನೀರು ಅಲುಗಿದ್ದನ್ನು ಕಾಲಿನಿಂದಲೇ ಅರಿತು ಬೇಟೆಯ ಮೇಲೆ ಎರಗುತ್ತದೆ. ಸೊಳ್ಳೆಯ ಮರಿಹುಳುಗಳೂ ಅದಕ್ಕೆ ಊಟ.

"ನೋಡಯ್ಯ, ಎಣ್ಣೆಯ ಪದರ ಹರಡಿದರೆ ಸೊಳ್ಳೆಮರಿಗೂ ಉಸಿರಿಲ್ಲ, ಇದಕ್ಕೂ ಉಸಿರಿಲ್ಲ. ಸೊಳ್ಳೆ ನಾಳೆ ಮತ್ತೆ ಬಂದು ಮೊಟ್ಟೆ ಇಡುತ್ತೆ. ಆಗ ಕಾವಲಿಗೆ ಯಾರು?" ಎಂದೆ.

ಬಾಮೈದ ಬಗ್ಗಿ ನೋಡಿದ. ಹೊಂಡದಲ್ಲಿ ಹತ್ತಾರು ಬೆನ್ನೀಜುಗಗಳಿದ್ದವು. ಸೊಳ್ಳೆಮರಿ ಕಂಡದ್ದು ಒಂದೆರಡೇ. "ಹಾಗಾದ್ರೆ ಇಷ್ಟು ಸೊಳ್ಳೆ ಎಲ್ಲಿಂದ ಬರುತ್ತೆ?" ಎಂದ.

ಹುಡುಕುತ್ತಾ ಹೋದೆವು. ಕಾಯಿ ಸುಲಿಯುವ ಕೊಟ್ಟಿಗೆಯ ಹಿಂದೆ ಕರಟಗಳ ರಾಶಿ. ಒಂದೊಂದರಲ್ಲೂ ಮಳೆನೀರು, ನೀರಿನಲ್ಲಿ ಕುಣಿಯುವ ಮರಿಗಳು. ಡೆಂಗಿ ತರುವ ಸೊಳ್ಳೆಗೆ ಇಂಥ ಪುಟ್ಟ ನೀರೇ ಸಾಕು. ಆ ಚೂರು ನೀರಿನಲ್ಲಿ ಒಂದೂ ಬೆನ್ನೀಜುಗ ಇರಲಿಲ್ಲ. ಅಲ್ಲಿ ಕಾವಲು ನಮ್ಮದೇ.

ಮೂವರೂ ಸೇರಿ ಕರಟಗಳನ್ನು ಬೋರಲು ಹಾಕಿದೆವು. ಬ್ಯಾಂಕಿನಲ್ಲಿ ಲೆಕ್ಕ ಬರೆದ ಚಾಳಿ, ಎಣಿಸಿದೆ: 61. "ಅಲ್ಲ ತಾತಾ, 62" ಎಂದು ಮೊಮ್ಮಗಳು ಮೂಲೆಯಲ್ಲಿದ್ದ ಇನ್ನೊಂದನ್ನು ತೋರಿಸಿದಳು. ಆಯಿಲ್ ಡಬ್ಬ ಮತ್ತೆ ಟಿಲ್ಲರಿನ ಪಕ್ಕಕ್ಕೆ ಹೋಯಿತು.