ಬಿಡುವಿನ ಬೆಲೆ

ಪಾಠಶಾಲೆಯನ್ನು ಬಿಟ್ಟ ಕೆಲವು ವರ್ಷಗಳಲ್ಲಿ ನಾವು ಉಪಾಧ್ಯಾಯಿನಿಯ ಕೆಲಸವನ್ನು ಕೈಕೊಂಡೆವು. ಹಗಲೆಲ್ಲ ಮಕ್ಕಳಿಗೆ ಪಾಠ ಹೇಳುವುದು, ನಡುರಾತ್ರಿಯವರೆಗೂ ಪದವಿಪರೀಕ್ಷೆಗಾಗಿ ಓದುವುದು. ಹೀಗೆ ಎರಡು ವರ್ಷಗಳು ಕಳೆದುವು. ಬಿಡುವೆಂಬುದು ಸೋಮಾರಿಗಳ ಸೊತ್ತೆಂದು ಭಾವಿಸಿದ್ದೆವು. ತಾಯಿಯವರು ಮಾತನಾಡಿಸಬಂದರೆ ಪುಸ್ತಕದಿಂದ ತಲೆಯೆತ್ತದೆಯೇ ಉತ್ತರವೀಯುತ್ತಿದ್ದೆವು.

ಒಮ್ಮೆ ನಿದ್ದೆಗಣ್ಣಿನಲ್ಲಿ ಉತ್ತರಪತ್ರಗಳನ್ನು ತಿದ್ದುತ್ತ, ಬಾಲಿಕೆಯೊಬ್ಬಳಿಗೆ ಬಂದಿದ್ದ 46 ಅಂಕಗಳನ್ನು 26 ಎಂದು ಬರೆದುಬಿಟ್ಟೆವು. ತೇರ್ಗಡೆಯಾದವರ ಪಟ್ಟಿಯಲ್ಲಿ ತನ್ನ ಹೆಸರನ್ನು ಕಾಣದೆ ಆ ಮಗು ದಿನವೆಲ್ಲ ಅತ್ತಿತು. ತಪ್ಪನ್ನು ತಿದ್ದಿ ಅವಳ ಕ್ಷಮೆಯನ್ನು ಬೇಡಿದೆವು. ಆದರೆ ನಮ್ಮನ್ನು ಬೆದರಿಸಿದ ಸಂಗತಿ ಬೇರೊಂದು: ಅವಳು ಅಳುತ್ತ ಎದುರಿಗೆ ನಿಂತಾಗ ಮೊದಲು ನಮಗೆ ಕನಿಕರ ಹುಟ್ಟಲಿಲ್ಲ, ಬೇಸರ ಹುಟ್ಟಿತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂತಹ ಬಳಲಿಕೆಯನ್ನು ವಿವರಿಸಿದುದನ್ನು ಆಮೇಲೆ ಓದಿದೆವು. ಅದು ರೋಗವಲ್ಲ, ಬಹುಕಾಲ ಹತೋಟಿಗೆ ಬಾರದ ಉದ್ಯೋಗದ ಒತ್ತಡದ ಫಲ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ದಕ್ಷತೆ ಕುಗ್ಗುವುದು, ಇವೇ ಅದರ ಮೂರು ಲಕ್ಷಣಗಳು. ಮೂರೂ ನಮ್ಮಲ್ಲಿದ್ದುವು.

ಅಂದಿನಿಂದ ರಾತ್ರಿ ಹತ್ತಕ್ಕೆ ದೀಪವನ್ನಾರಿಸುತ್ತೇವೆ. ಭಾನುವಾರ ಮಧ್ಯಾಹ್ನ ಪುಸ್ತಕವನ್ನು ಮುಟ್ಟದೆ ತಾಯಿಯವರೊಡನೆ ಮಲ್ಲಿಗೆ ಕಟ್ಟುತ್ತ ಕುಳಿತುಕೊಳ್ಳುತ್ತೇವೆ. ಪದವಿ ಒಂದು ವರ್ಷ ತಡವಾಗಿ ಬಂದಿತು. ಅದಕ್ಕಾಗಿ ನಮಗೆ ವ್ಯಥೆಯಿಲ್ಲ.

ಉಳುವ ಎತ್ತಿಗೂ ನೊಗವಿಳಿಸುವ ಹೊತ್ತೊಂದುಂಟು. ಸೋದರಿಯರೇ, ಆ ಹೊತ್ತನ್ನು ನೀವೇ ಗೊತ್ತುಮಾಡಿಕೊಳ್ಳಿರಿ. ತಾಯ್ತಂದೆಗಳೇ, ಮಗಳು ಇಂದು ಓದಿದಳೇ ಎಂದು ಕೇಳುವಂತೆಯೇ, ಇಂದು ಆಡಿದಳೇ, ನಕ್ಕಳೇ ಎಂದೂ ಕೇಳಿರಿ.